ಚೆಸ್‌ನಲ್ಲಿ ಅದೃಷ್ಟ ಅನ್ನೋದು ಇದೆಯಾ, ಇಲ್ವಾ?

ಕುವೆಂಪುನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಡೆದ ಮಕ್ಕಳ ರ‍್ಯಾಪಿಡ್ ಟೂರ್ನಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೊನೆಗೆ ಅವಳಿಗೂ ಇನ್ನೊಬ್ಬ ಹುಡುಗನಿಗೂ ಒಂದೇ ಅಂಕ ಬಂತು. ಟ್ರೋಫಿ ಅವನ ಪಾಲಾಯಿತು. ಯಾಕೆ ಅಂತ ಕೇಳಿದರೆ ‘ನಿಮ್ಮ ಮಗಳ ಬುಕೋಲ್ಟ್ಸ್ ಕಮ್ಮಿ ಮೇಡಂ’ ಅಂದರು. ಅದೇನು ಅಂತ ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಇವರಿಬ್ಬರೂ ಎದುರುಬದುರು ಆಡಿಯೇ ಇಲ್ಲ. ಸಾಲದ್ದಕ್ಕೆ ಆ ಹುಡುಗ ಕೊನೆ ಸುತ್ತಿನಲ್ಲಿ ಸೋಲುವುದರಲ್ಲಿದ್ದನಂತೆ. ಎದುರಿಗಿದ್ದವನು ಮಂತ್ರಿಯನ್ನು ಸುಮ್ನೆ ಬಿಟ್ಟುಕೊಟ್ಟನಂತೆ.

ನಮ್ಮನೆಯವರು ‘ಚೆಸ್‌ನಲ್ಲಿ ಲಕ್ ಅನ್ನೋದೇ ಇಲ್ಲ, ಬರೀ ತಲೆ’ ಅಂತಾರೆ. ಮಾವನವರು ‘ಅವನಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡಲ್ಲ’ ಅಂತಾರೆ. ಇಬ್ಬರ ಮಾತೂ ಮಗಳಿಗೆ ಸಮಾಧಾನ ಕೊಡುತ್ತಿಲ್ಲ. ಆಡಿ ಗೊತ್ತಿರುವವರು ಹೇಳಿ, ಚೆಸ್‌ನಲ್ಲಿ ಅದೃಷ್ಟದ ಪಾಲು ಎಷ್ಟು?

ಕಪ್ಪು ಕುದುರೆ
ಸೊನ್ನೆ. ದಾಳ ಇಲ್ಲ, ಎಲೆ ಕಲೆಸೋದಿಲ್ಲ, ಮುಚ್ಚಿಟ್ಟ ಕಾಯಿ ಇಲ್ಲ. 64 ಮನೆ, 32 ಕಾಯಿ, ಎಲ್ಲವೂ ಇಬ್ಬರ ಕಣ್ಣೆದುರಿಗೇ ಇದೆ. ನಡೆ ಇಡುವುದು ನಿನ್ನ ಕೈ. ಸೋತರೆ ನೀನು ಸೋತೆ, ಅಷ್ಟೇ. ಲಕ್ ಅನ್ನೋದು ಸೋತವರ ಸಮಾಧಾನ.

ಮಂಡ್ಯ ಹೈದ
ಗೆದ್ದಾಗ ತಲೆ, ಸೋತಾಗ ಗ್ರಹಚಾರ. ಇದು ಚೆಸ್‌ಗೆ ಮಾತ್ರ ಅಲ್ಲ ಸ್ವಾಮಿ, ನಮ್ಮೂರ ಎಲೆಕ್ಷನ್‌ಗೂ ಇದೇ ಲೆಕ್ಕ.

ಟೈಂ ಔಟ್
ಕಪ್ಪು ಕುದುರೆ ಅವರೇ, ಆನ್‌ಲೈನ್ ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ಆಟ) ಮೌಸ್ ಜಾರಿ ಮಂತ್ರಿ ಹೋಗಿ ಕೂತಿದ್ದು ಎದುರಾಳಿಯ ಪೇದೆ ಬಾಯಲ್ಲಿ. ಅದು ತಲೆಯಾ ಲಕ್ಕಾ?

ಕಪ್ಪು ಕುದುರೆ
ಅದು ಮೌಸ್. ಹೊಸದು ತಗೋ.

ಸೀಟಿ ಊದೋನು
ನಾನು ಈ ಕಡೆ ಟೂರ್ನಿಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರ ಆಗಿ ಕೂರುತ್ತೇನೆ. ಅಮ್ಮ ಹೇಳಿದ ಟೂರ್ನಿಯಲ್ಲಿ ನಾನಿರಲಿಲ್ಲ, ಹಾಗಾಗಿ ಅಲ್ಲಿ ಏನಾಯಿತು ಅನ್ನುವ ಬಗ್ಗೆ ಮಾತಾಡಲ್ಲ. ಬುಕೋಲ್ಟ್ಸ್ ಏನು ಅಂತ ಮಾತ್ರ ಹೇಳುತ್ತೇನೆ.

ನೂರಾರು ಮಕ್ಕಳು ಬಂದರೆ ಎಲ್ಲರೂ ಎಲ್ಲರ ಜತೆ ಆಡಲು ಆಗಲ್ಲ. ಅದಕ್ಕೇ ಸ್ವಿಸ್ ಪದ್ಧತಿ. ಮೊದಲ ಸುತ್ತಿನಲ್ಲಿ ಪಟ್ಟಿಯನ್ನು ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕಿ) ಪ್ರಕಾರ ಎರಡು ಭಾಗ ಮಾಡಿ, ಮೇಲಿನ ಅರ್ಧದ ಮೊದಲನೆಯವರಿಗೆ ಕೆಳಗಿನ ಅರ್ಧದ ಮೊದಲನೆಯವರು, ಹೀಗೆ ಜೋಡಿ ಹಾಕುತ್ತೇವೆ. ಆಮೇಲೆ ಪ್ರತಿ ಸುತ್ತಿನಲ್ಲೂ ಸಮ ಅಂಕ ಇರುವವರೊಳಗೇ ಜೋಡಿ. ಒಮ್ಮೆ ಆಡಿದ ಜೋಡಿ ಮತ್ತೆ ಆಡುವಂತಿಲ್ಲ. ಬಿಳಿ ಕಪ್ಪು ಕೂಡ ಆದಷ್ಟು ಸಮ ಇರಬೇಕು. ಜೋಡಿ ಹಾಕುವುದು ಸಾಫ್ಟ್‌ವೇರ್, ನಾವು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇವೆ. ಅಪ್ಪ ಅಮ್ಮಂದಿರು ಅದಕ್ಕೇ ಮುತ್ತಿಕೊಂಡು ‘ನಮ್ಮ ಮಗುಗೆ ಯಾಕೆ ಮತ್ತೆ ಕಪ್ಪು’ ಅಂತ ನಮ್ಮ ಮೇಲೆ ಕೂಗುತ್ತಾರೆ.

ಈಗ ಬುಕೋಲ್ಟ್ಸ್. ನಿಮ್ಮ ಮಗಳು ಯಾರ್‍ಯಾರ ಜತೆ ಆಡಿದಳೋ ಅವರೆಲ್ಲ ಟೂರ್ನಿ ಮುಗಿಯುವಾಗ ಗಳಿಸಿದ ಅಂಕಗಳ ಮೊತ್ತ. ಗಟ್ಟಿ ಎದುರಾಳಿಗಳ ಜತೆ ಆಡಿ ಗಳಿಸಿದ ಅಂಕಕ್ಕೆ ಬೆಲೆ ಜಾಸ್ತಿ ಅನ್ನೋದು ಅದರ ಹಿಂದಿನ ಯೋಚನೆ. ನ್ಯಾಯವಾಗಿದೆ. ಆದರೆ ಒಂದು ತೊಡಕಿದೆ. ನಿಮ್ಮ ಮಗಳು ಎರಡನೇ ಸುತ್ತಿನಲ್ಲಿ ಸೋಲಿಸಿದ ಹುಡುಗ ಆಮೇಲೆ ಬೇಜಾರಾಗಿ ಎಲ್ಲಾ ಆಟ ಸೋಲುತ್ತ ಹೋದ ಅಂದುಕೊಳ್ಳಿ, ಇವಳ ಬುಕೋಲ್ಟ್ಸ್ ಇಳಿಯುತ್ತದೆ. ಇವಳ ಆಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ಕೆಲವು ಕಡೆ ಎಲ್ಲರಿಗಿಂತ ಕಮ್ಮಿ ಅಂಕದ ಒಬ್ಬ ಎದುರಾಳಿಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ‘ಕಟ್ 1’ ಅಂತಾರೆ ಅದಕ್ಕೆ.

ಕುವೆಂಪುನಗರದ ಅಮ್ಮ
ಅಂದರೆ ಬೇರೆ ಟೇಬಲ್‌ನಲ್ಲಿ ಕೂತ ಮಗು ಸೋತಿದ್ದಕ್ಕೆ ನನ್ನ ಮಗಳ ಟ್ರೋಫಿ ಹೋಯಿತು. ಇದಕ್ಕೆ ಲಕ್ ಅನ್ನದೆ ಇನ್ನೇನು ಅನ್ನಬೇಕು?

ಕಪ್ಪು ಕುದುರೆ
ಅದು ಟೂರ್ನಿಯ ಲಕ್, ಚೆಸ್‌ನದ್ದಲ್ಲ. ಎಲ್ಲಾ ಆಟ ಗೆದ್ದಿದ್ದರೆ ಬುಕೋಲ್ಟ್ಸ್ ಯಾರು ಕೇಳುತ್ತಿದ್ದರು?

ಡಬಲ್ ಚೆಕ್
‘ಎಲ್ಲಾ ಗೆದ್ದಿದ್ದರೆ’ ಅಂತೆ. ಇವರಿಗೆ ಮಕ್ಕಳಿಲ್ಲ ಅನ್ಸುತ್ತೆ.

ಲೆಕ್ಕದ ಮೇಷ್ಟ್ರು
ಟೂರ್ನಿ ಬೇರೆ, ಆಟ ಬೇರೆ ಅಂತ ಕಪ್ಪು ಕುದುರೆ ಬೇರ್ಪಡಿಸಿದ್ದು ಸರಿ. ಆದರೆ ಆಟದೊಳಗೇ ಏರಿಳಿತ ಇದೆ ಅನ್ನೋದನ್ನು ರೇಟಿಂಗ್ ಲೆಕ್ಕವೇ ಒಪ್ಪಿಕೊಂಡಿದೆ.

ಅರ್ಪಾಡ್ ಎಲೋ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ಅವರ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ಬುಡದಲ್ಲಿರುವ ಯೋಚನೆ ಇಷ್ಟೇ: ಆಟಗಾರ ದಿನಾ ಒಂದೇ ಮಟ್ಟದಲ್ಲಿ ಆಡಲ್ಲ. ಒಂದು ದಿನ ಮೇಲೆ, ಒಂದು ದಿನ ಕೆಳಗೆ. ರೇಟಿಂಗ್ ಅಂದರೆ ಆ ಏರಿಳಿತದ ಸರಾಸರಿ.

ಇಬ್ಬರ ನಡುವೆ 200 ರೇಟಿಂಗ್ ಅಂಕದ ಅಂತರ ಇದ್ದರೆ, 100 ಆಟ ಆಡಿಸಿದಾಗ ಬಲಶಾಲಿಗೆ ಸುಮಾರು 76 ಅಂಕ ಸಿಗುತ್ತದೆ ಅಂತ ನಿರೀಕ್ಷೆ. 400 ಅಂತರಕ್ಕೆ ಸುಮಾರು 91. ಹಾಗಾದರೆ ಆ 200 ಕಮ್ಮಿ ಇರುವವನಿಗೂ 24 ಸಿಗುತ್ತದೆ ಅಲ್ವಾ? ಅದು ಮೊದಲನೇ ಆಟದಲ್ಲೇ ಸಿಗಬಹುದು, ಐವತ್ತನೇ ಆಟದಲ್ಲೂ ಸಿಗಬಹುದು.

ಈಗ ಡ್ರಾಗಳನ್ನು ಬದಿಗಿಟ್ಟು ಒಂದು ಸಣ್ಣ ಲೆಕ್ಕ ಮಾಡಿ. ಒಂದೇ ಆಟದಲ್ಲಿ ಬಲಶಾಲಿ ಗೆಲ್ಲುವ ಸಾಧ್ಯತೆ 100ಕ್ಕೆ 76. ಮೂರರಲ್ಲಿ ಎರಡು ಗೆದ್ದವರಿಗೆ ಬಹುಮಾನ ಅಂದರೆ ಅದು 85 ದಾಟುತ್ತದೆ. ಐದರಲ್ಲಿ ಮೂರು ಅಂದರೆ 90ರ ಮೇಲೆ. ಏಳರಲ್ಲಿ ನಾಲ್ಕು ಅಂದರೆ ಹತ್ತಿರ ಹತ್ತಿರ 94. ಆಟಗಾರರು ಅವರೇ, ಬೋರ್ಡ್ ಅದೇ. ಆಟಗಳ ಸಂಖ್ಯೆ ಏರಿದ ಹಾಗೆ ಅದೃಷ್ಟಕ್ಕೆ ಜಾಗ ಕಮ್ಮಿಯಾಗುತ್ತ ಹೋಗುತ್ತದೆ. ಅದಕ್ಕೇ ‘ಚೆಸ್‌ನಲ್ಲಿ ಲಕ್ ಎಷ್ಟು’ ಅಂತ ಕೇಳಿದರೆ ನಾನು ‘ಎಷ್ಟು ಆಟದಲ್ಲಿ’ ಅಂತ ತಿರುಗಿ ಕೇಳುತ್ತೇನೆ.

ಮಂಡ್ಯ ಹೈದ
ಮೇಷ್ಟ್ರೇ, ರಿಟೈರ್ ಆದ್ರೂ ಹೋಂವರ್ಕ್ ಕೊಡೋದು ಬಿಡಲಿಲ್ಲ.

ಕಪ್ಪು ಕುದುರೆ
ಏರಿಳಿತ ಅಂದರೆ ಲಕ್ ಅಲ್ಲ ಮೇಷ್ಟ್ರೇ. ರಾತ್ರಿ ಸರಿಯಾಗಿ ನಿದ್ದೆ ಮಾಡದೆ ಬಂದು ತಪ್ಪು ನಡೆ ಇಟ್ಟರೆ ಅದು ಆಟಗಾರನದ್ದೇ ತಪ್ಪು. ನಿದ್ದೆ, ಊಟ, ತಾಳ್ಮೆ ಎಲ್ಲವೂ ಕೌಶಲದ ಭಾಗ.

ಕೋಚ್ ಸ್ವಾಮಿ
ನಿನ್ನ ನಿದ್ದೆ ನಿನ್ನ ಕೈಯಲ್ಲಿದೆ, ಒಪ್ಪಿದೆ. ಎದುರಿಗೆ ಕೂತವನ ನಿದ್ದೆ ಯಾರ ಕೈಯಲ್ಲಿದೆ?

ಒಂದು ಉದಾಹರಣೆ ಕೊಡುತ್ತೇನೆ. 2014, ಸೋಚಿ, ವಿಶ್ವ ಚಾಂಪಿಯನ್‌ಶಿಪ್‌ನ ಆರನೇ ಆಟ. ಕಾರ್ಲ್‌ಸನ್‌ಗೆ ಬಿಳಿ, ನಮ್ಮ ಆನಂದ್‌ಗೆ ಕಪ್ಪು. 26ನೇ ನಡೆಯಲ್ಲಿ ಕಾರ್ಲ್‌ಸನ್ ರಾಜನನ್ನು ಡಿ2 ಮನೆಗೆ ತಂದಿಟ್ಟರು. ಅದು ಘೋರ ತಪ್ಪು. ಆನಂದ್ ಕುದುರೆಯಿಂದ ಇ5 ಪೇದೆಯನ್ನು ಹೊಡೆದಿದ್ದರೆ ಆಟವೇ ತಿರುಗುತ್ತಿತ್ತು. ಇಟ್ಟ ಮೇಲೆ ಕಾರ್ಲ್‌ಸನ್‌ಗೆ ತಾನೇನು ಮಾಡಿದೆ ಅಂತ ಗೊತ್ತಾಗಿತ್ತು. ಆನಂದ್ ಮಾತ್ರ ತಮ್ಮ ಯೋಜನೆಯಲ್ಲೇ ಮುಳುಗಿದ್ದರು. ಜಾಸ್ತಿ ಯೋಚಿಸದೆ ಎ ಪೇದೆಯನ್ನು ಎ4ಕ್ಕೆ ತಳ್ಳಿದರು. ಆ ಆಟ ಕಾರ್ಲ್‌ಸನ್ ಗೆದ್ದರು, ಕೊನೆಗೆ ಪಂದ್ಯವನ್ನೂ 6.5–4.5ರಲ್ಲಿ ಗೆದ್ದರು.

ತಪ್ಪು ಮಾಡಿದ್ದು ಕಾರ್ಲ್‌ಸನ್ ಹೊಣೆ. ಅದನ್ನು ನೋಡದೇ ಹೋಗಿದ್ದು ಆನಂದ್ ಹೊಣೆ. ಆದರೆ ಕಾರ್ಲ್‌ಸನ್ ಲೆಕ್ಕದಲ್ಲಿ ನೋಡಿ, ಆ ಒಂದು ನಿಮಿಷ ಅವರ ಕೈಯಲ್ಲಿ ಏನೂ ಇರಲಿಲ್ಲ. ಸುಮ್ನೆ ಮುಖದಲ್ಲಿ ಏನೂ ತೋರಿಸದೆ ಕೂರಬೇಕಿತ್ತು. ಬೋರ್ಡ್ ಮೇಲೆ ದಾಳ ಇಲ್ಲ, ಸರಿ. ಆದರೆ ಎದುರಿನ ಕುರ್ಚಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ.

ಕಪ್ಪು ಕುದುರೆ
ಮುಖದಲ್ಲಿ ಏನೂ ತೋರಿಸದೆ ಕೂತಿದ್ದೂ ಕೌಶಲವೇ.

ಡಬಲ್ ಚೆಕ್
ನಿಮ್ಮ ಪ್ರಕಾರ ಬೆಳಗ್ಗೆ ಸೂರ್ಯ ಹುಟ್ಟೋದೂ ಕೌಶಲವೇ ಇರಬೇಕು.

ಒಂಟಿಕೊಪ್ಪಲ್ ಓದುಗ
ಲಕ್ ಇಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ಕ್ಯಾಸ್ಪರೋವ್ ಮತ್ತು ಸ್ಮಿಸ್ಲೋವ್ ಪಂದ್ಯ ಟೈ ಆಗಿ ಕ್ಯಾಸಿನೊದಲ್ಲಿ ಚಕ್ರ ತಿರುಗಿಸಿ ಗೆದ್ದವರನ್ನು ನಿರ್ಧರಿಸಿದರಲ್ಲ, ಅದಕ್ಕೇನಂತೀರಾ?

ಸೀಟಿ ಊದೋನು
ಸ್ವಲ್ಪ ಕಲಸುಮೇಲೋಗರ ಆಗಿದೆ. ಆ ಪಂದ್ಯ ಸ್ಮಿಸ್ಲೋವ್ ಮತ್ತು ಜರ್ಮನಿಯ ಹ್ಯೂಬ್ನರ್ ನಡುವಿನದ್ದು. 1983, ಆಸ್ಟ್ರಿಯಾದ ವೆಲ್ಡನ್, ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಸ್ಪರ್ಧೆ) ಕ್ವಾರ್ಟರ್ ಫೈನಲ್. ಹತ್ತು ಆಟ ಸಮ, ಮೇಲೆ ನಾಲ್ಕು ಆಟ ಆಡಿಸಿದರೂ ಸಮ, 7–7. ನಿಯಮದ ಪ್ರಕಾರ ರೂಲೆಟ್ ಚಕ್ರ ತಿರುಗಿಸಿದರು, ಒಬ್ಬರಿಗೆ ಕೆಂಪು, ಒಬ್ಬರಿಗೆ ಕಪ್ಪು. ಮೊದಲ ಸಲ ಗುಂಡು ಹೋಗಿ ಬಿದ್ದಿದ್ದು ಸೊನ್ನೆಯ ಮೇಲೆ. ಅದು ಕೆಂಪೂ ಅಲ್ಲ, ಕಪ್ಪೂ ಅಲ್ಲ! ಮತ್ತೆ ತಿರುಗಿಸಿದರು. ಕೆಂಪು ಬಂತು, ಸ್ಮಿಸ್ಲೋವ್ ಮುಂದಿನ ಹಂತಕ್ಕೆ ಹೋದರು. ಆಗ ಅವರಿಗೆ 62 ವರ್ಷ. ಅಲ್ಲಿಂದ ಫೈನಲ್‌ವರೆಗೂ ಹೋಗಿ 1984ರಲ್ಲಿ ಕ್ಯಾಸ್ಪರೋವ್‌ಗೆ ಸೋತರು. ಬಹುಶಃ ನಿಮಗೆ ಅದೇ ಸೇರಿಕೊಂಡಿರಬೇಕು.

ಮಂಡ್ಯ ಹೈದ
ಹದಿನಾಲ್ಕು ಆಟ ಆಡಿ ಕೊನೆಗೆ ಗುಂಡು ಉರುಳಿಸಿದರಾ! ಮೊದಲೇ ಉರುಳಿಸಿದ್ದರೆ ಹೋಟೆಲ್ ಖರ್ಚಾದರೂ ಉಳೀತಿತ್ತು.

ಟೈಂ ಔಟ್
2013ರ ಲಂಡನ್ ಕ್ಯಾಂಡಿಡೇಟ್ಸ್ ಕೂಡ ನೆನಪಿಸಿಕೊಳ್ಳಿ. ಕೊನೆ ಸುತ್ತಿಗೆ ಬರುವಾಗ ಕಾರ್ಲ್‌ಸನ್, ಕ್ರಾಮ್ನಿಕ್ ಇಬ್ಬರೂ ಸಮ. ಕಾರ್ಲ್‌ಸನ್ ಸ್ವಿಡ್ಲರ್‌ಗೆ ಸೋತರು. ಕ್ರಾಮ್ನಿಕ್ ಇವಾಂಚುಕ್‌ಗೆ ಸೋತರು. ಇಬ್ಬರಿಗೂ 8.5. ಪರಸ್ಪರ ಆಡಿದ ಆಟಗಳೂ ಸಮ. ಜಾಸ್ತಿ ಆಟ ಗೆದ್ದವರಿಗೆ ಮೊದಲ ಸ್ಥಾನ ಅನ್ನುವ ನಿಯಮ ಇತ್ತು. ಕಾರ್ಲ್‌ಸನ್ 5, ಕ್ರಾಮ್ನಿಕ್ 4. ಅದೇ ವರ್ಷ ಕಾರ್ಲ್‌ಸನ್ ಚೆನ್ನೈಗೆ ಬಂದು ಆನಂದ್ ಕೈಯಿಂದ ಕಿರೀಟ ಕಿತ್ತುಕೊಂಡರು. ಇನ್ನು ಆ ಇವಾಂಚುಕ್ ಮಹಾಶಯ ಆ ಟೂರ್ನಿಯಲ್ಲಿ ಐದು ಆಟ ಗಡಿಯಾರ ಮುಗಿದು ಸೋತಿದ್ದರು. ಆದರೆ ಕಾರ್ಲ್‌ಸನ್‌ನನ್ನೂ ಒಂದು ಆಟದಲ್ಲಿ ಸೋಲಿಸಿದರು, ಕ್ರಾಮ್ನಿಕ್‌ನನ್ನೂ ಸೋಲಿಸಿದರು. ಅವರು ಯಾವ ದಿನ ಯಾವ ಅವತಾರದಲ್ಲಿ ಬರುತ್ತಾರೆ ಅನ್ನೋದು ಅವತ್ತು ಎದುರು ಕೂತವನ ಅದೃಷ್ಟ.

ನಂಜನಗೂಡು ರಸಬಾಳೆ
ಹಾಗಾದ್ರೆ ಗುಕೇಶ್ ಕೂಡ ಲಕ್ಕಿ ಅಂತಾಯ್ತು. ವಿಶ್ವ ಚಾಂಪಿಯನ್‌ಶಿಪ್‌ನ ಕೊನೆ ಆಟದಲ್ಲಿ ಡಿಂಗ್ ತಾನಾಗೇ ಆನೆ ಕೊಡದಿದ್ದರೆ ಕಿರೀಟ ಎಲ್ಲಿಂದ ಬರುತ್ತಿತ್ತು?

ಕೋಚ್ ಸ್ವಾಮಿ
ಇದನ್ನು ನಾನು ಒಪ್ಪಲ್ಲ. ಮೊದಲನೇದಾಗಿ ಡಿಂಗ್ ಆನೆ ಸುಮ್ನೆ ಕೊಡಲಿಲ್ಲ. ಸಿಂಗಪುರ, 2024ರ ಡಿಸೆಂಬರ್ 12, ಹದಿನಾಲ್ಕನೇ ಆಟ. ಪಂದ್ಯ 6.5–6.5 ಇತ್ತು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಪೇದೆ ಜಾಸ್ತಿ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು, ಆನೆಗೆ ಆನೆ ಬದಲಾಯಿಸೋಣ ಅಂದರು. ಆನೆಗಳು ಹೋದ ತಕ್ಷಣ ಗುಕೇಶ್ ಒಂಟೆಯನ್ನು ಡಿ5ಕ್ಕೆ ತಂದರು. ಡಿಂಗ್‌ರ ಒಂಟೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಬದಲಾವಣೆ ತಪ್ಪಿಸಲು ದಾರಿಯೇ ಇರಲಿಲ್ಲ. ಒಂಟೆಗಳೂ ಹೋದರೆ ಉಳಿಯುವುದು ರಾಜ ಮತ್ತು ಪೇದೆಗಳು ಮಾತ್ರ. ಆ ಒಂದು ಪೇದೆಯೇ ಗೆಲುವು. ನನ್ನ ಹತ್ತಿರ ಬರುವ ಮಕ್ಕಳಿಗೂ ಆ ಎಂಡ್‌ಗೇಮ್ ಗೆಲ್ಲಲು ಬರುತ್ತದೆ.

ಆ ತಪ್ಪಿಗೆ ಮುಂಚಿನ ಸ್ಥಿತಿ ಡ್ರಾ ಆಗುವಂಥದ್ದೇ. ಬೇರೆಯವರಾಗಿದ್ದರೆ ಕೈ ಕುಲುಕಿ ಎದ್ದುಹೋಗುತ್ತಿದ್ದರು, ಮರುದಿನದ ಟೈಬ್ರೇಕ್ ನೋಡಿಕೊಳ್ಳುತ್ತಿದ್ದರು. ಈ ಹುಡುಗ ಏಳಲಿಲ್ಲ. ಎದುರಿನವನ ಎದುರು ಒಂದೊಂದೇ ಸಣ್ಣ ಪ್ರಶ್ನೆ ಇಡುತ್ತ ಹೋದ. ನೂರು ಸಲ ಹೀಗೆ ಕೂತರೆ ಎಲ್ಲಾ ಸಲವೂ ಎದುರಾಳಿ ತಪ್ಪುವುದಿಲ್ಲ, ನಿಜ. ಆದರೆ ಎದ್ದುಹೋದವನಿಗೆ ಒಂದು ಸಲವೂ ಸಿಗಲ್ಲ.

ನಂಜನಗೂಡು ರಸಬಾಳೆ
2024ರ ಟೊರಾಂಟೊ ಕ್ಯಾಂಡಿಡೇಟ್ಸ್ ಮರೆತಿರಾ? ಕೊನೆ ಸುತ್ತಿನಲ್ಲಿ ಎದುರುಬದುರಾಗಿದ್ದ ಕರುವಾನಾ, ನೆಪೋಮ್ನಿಯಾಶಿ ಇಬ್ಬರಲ್ಲಿ ಒಬ್ಬರು ಗೆದ್ದಿದ್ದರೂ ಗುಕೇಶ್ ಪ್ಲೇಆಫ್ ಆಡಬೇಕಿತ್ತು. ಕರುವಾನಾ ಗೆಲ್ಲುವ ಸ್ಥಿತಿಯಲ್ಲೇ ಇದ್ದರು, 109 ನಡೆ ಆಡಿ ಡ್ರಾ ಮಾಡಿಕೊಂಡರು. ಗುಕೇಶ್ ಆಗ ತಮ್ಮ ಆಟ ಮುಗಿಸಿ ಹೊರಗಿದ್ದರು. ಅವರ ಕೈಯಲ್ಲಿ ಏನಿತ್ತು?

ಕೋಚ್ ಸ್ವಾಮಿ
ಆ ಸಂಜೆ ಏನೂ ಇರಲಿಲ್ಲ. ಅದಕ್ಕೆ ಮುಂಚೆ ಗಳಿಸಿದ್ದ 9 ಅಂಕ ಇತ್ತು. ನಾನೆಲ್ಲಿ ಅದೃಷ್ಟ ಇಲ್ಲ ಅಂದೆ? ಅದೃಷ್ಟ ಬಂದಾಗ ಅದರ ಎದುರಿಗೆ ಇರುವ ಹಾಗೆ ಆಡಿರಬೇಕು ಅಂದೆ ಅಷ್ಟೇ.

ಕಪ್ಪು ಕುದುರೆ
ಸ್ವಾಮಿಗಳೇ, ಹಾಗಾದರೆ ಈಗ ನೀವು ನನ್ನ ಕಡೆಯೋ ಅವರ ಕಡೆಯೋ?

ಕೋಚ್ ಸ್ವಾಮಿ
ಫೀಸು ಕೊಡುವವರ ಕಡೆ.

ಅಗ್ರಹಾರದ ಸೊಸೆ
ನೀವೆಲ್ಲ ದಾಳ ಇಲ್ಲ ದಾಳ ಇಲ್ಲ ಅಂತೀರಿ. ದಾಳ ಇದ್ದರೆ ಬರೀ ಲಕ್ಕೇ ಅಂತ ಯಾರು ಹೇಳಿದರು? ನಮ್ಮತ್ತೆ ಚೌಕಾಬಾರ ಆಡುವುದನ್ನು ನೋಡಬೇಕು. ನಾಲ್ಕು ಕವಡೆ ಅಂಗೈಯಲ್ಲಿ ಇಟ್ಟು, ಅದೇನೋ ಒಂದು ಸಣ್ಣ ಅಲುಗಾಟ ಅಲುಗಾಡಿಸಿ, ನೆಲಕ್ಕೆ ತುಂಬಾ ಹತ್ತಿರದಿಂದ ಬಿಡುತ್ತಾರೆ. ನಮಗೆ ಎಂಟು ಬೀಳಲ್ಲ, ಅವರಿಗೆ ಬೇಕಾದಾಗ ಬೀಳುತ್ತದೆ. ಬಿದ್ದರೆ ಮತ್ತೊಂದು ಸಲ ಹಾಕುವ ಅವಕಾಶ. ಅದೂ ಅಲ್ಲದೆ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕೂರಿಸಬೇಕು, ಒಳಗೆ ಹೋಗುವ ಮುಂಚೆ ಯಾರ ಕಾಯಿ ಹೊಡೆಯಬೇಕು, ಇದೆಲ್ಲ ತಲೆಯೇ ಅಲ್ವಾ? ನಮ್ಮ ಮನೆಯವರು ಚೆಸ್‌ನಲ್ಲಿ ಕಪ್ ಗೆದ್ದವರು. ಅಮ್ಮನ ಎದುರು ಚೌಕಾಬಾರದಲ್ಲಿ ಗೆದ್ದಿದ್ದನ್ನು ನಾನಂತೂ ನೋಡಿಲ್ಲ.

ಲೆಕ್ಕದ ಮೇಷ್ಟ್ರು
ಕವಡೆ ನಾಣ್ಯದ ಹಾಗೆ ಸಮ ಇದ್ದಿದ್ದರೆ ನಾಲ್ಕೂ ಬೋರಲು ಬಿದ್ದು ಎಂಟು ಬರುವುದು 16 ಸಲಕ್ಕೆ ಒಂದು. ಆದರೆ ಕವಡೆಯ ಎರಡು ಮೈ ಒಂದೇ ಥರ ಇಲ್ಲ, ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದೊಂದು ಕವಡೆಯದ್ದು ಒಂದೊಂದು ಲೆಕ್ಕ. ನಿಮ್ಮ ಅತ್ತೆಯವರು ಆ ಕವಡೆಗಳನ್ನು ಎಷ್ಟು ವರ್ಷದಿಂದ ಬಳಸುತ್ತಿದ್ದಾರೆ?

ಅಗ್ರಹಾರದ ಸೊಸೆ
ಅವರ ಮದುವೆಗೆ ತವರಿನಿಂದ ಬಂದಿದ್ದು. ಬೇರೆ ಕವಡೆ ಮುಟ್ಟಲ್ಲ.

ಲೆಕ್ಕದ ಮೇಷ್ಟ್ರು
ಹಾಗಾದರೆ ಗೊತ್ತಾಯಿತು ಬಿಡಿ.

ಪಗಡೆ ಪುಟ್ಟಸ್ವಾಮಿ
ಮೈಸೂರಿನವರು ಇಷ್ಟು ಹೊತ್ತು ಮಾತಾಡಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ತೆಗೆಯಲಿಲ್ಲವಲ್ಲ! 1794ರಿಂದ 1868ರವರೆಗೆ ಬದುಕಿದ್ದ ಆ ದೊರೆಗೆ ಮಣೆ ಆಟಗಳೆಂದರೆ ಪ್ರಾಣ. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅನ್ನುವ ಭಾಗವೇ ಆಟಗಳಿಗೆ ಮೀಸಲು. ಇನ್ನೊಂದು ಕಡೆ ಕುದುರೆಯೊಂದನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸುವ ಸಮಸ್ಯೆಯಲ್ಲೂ ಅವರದ್ದು ದೊಡ್ಡ ಹೆಸರು. ಅಂದರೆ ದಾಳದ ಆಟವೂ ಬೇಕು, ದಾಳವಿಲ್ಲದ ಲೆಕ್ಕವೂ ಬೇಕು. ಯಾವುದು ಮೇಲು ಅಂತ ಜಗಳ ಮಾಡುತ್ತ ಕೂರಲಿಲ್ಲ ಅವರು.

ಚೆಸ್ ಅನ್ನೇ ದಾಳ ಹಾಕಿ ಆಡುತ್ತಿದ್ದ ಕಾಲವೂ ಇತ್ತು. ನಾಲ್ಕು ಜನ ಕೂತು ದಾಳ ಬಿದ್ದ ಪ್ರಕಾರ ಕಾಯಿ ನಡೆಸುವ ಚದುರಂಗವನ್ನು ಅಲ್‌ಬೆರೂನಿ ಸುಮಾರು ಸಾವಿರ ವರ್ಷದ ಹಿಂದೆಯೇ ಭಾರತದ ಬಗ್ಗೆ ಬರೆಯುವಾಗ ವಿವರಿಸಿದ್ದಾನೆ. ಆಸಕ್ತಿ ಇದ್ದವರು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ನಡೆಸುವ ಮಣೆ ಆಟಗಳ ಪ್ರದರ್ಶನ ನೋಡಿ. ಪಗಡೆ ಹಾಸು, ಅಳಗುಳಿ ಮಣೆ ಎಲ್ಲಾ ಇರುತ್ತವೆ.

ಟೈಂ ಔಟ್
ನಾಲ್ಕು ಜನ, ದಾಳ, ಕುದುರೆ, ಆನೆ. ಇದನ್ನೇ ಆ್ಯಪ್ ಮಾಡಿದರೆ ಕೋಟ್ಯಧಿಪತಿ ಆಗಬಹುದು.

ರೇಸ್ ಕೋರ್ಸ್ ರಂಗಣ್ಣ
ದುಡ್ಡು ಕಟ್ಟಿಸಿ ಆಡಿಸಿದರೆ ಕೋಟ್ಯಧಿಪತಿ ಆಗಲ್ಲ, ಒಳಗೆ ಹೋಗುತ್ತೀಯ.

ಈ ಲಕ್ಕೋ ಕೌಶಲವೋ ಅನ್ನುವ ಜಗಳ ಕೋರ್ಟ್‌ಗಳಲ್ಲಿ ಹಳೆಯದ್ದು. ರಮ್ಮಿ ಹೆಚ್ಚಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಅಂತ ಗೊತ್ತಿರಬೇಕು ಅಂತ ಕಾರಣ ಕೊಟ್ಟಿತು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು. ಹಾಗಾಗಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ನಾನು ಕಳೆದುಕೊಂಡಿದ್ದೆಲ್ಲ ಕಾನೂನಿನ ಪ್ರಕಾರ ಕೌಶಲದಿಂದಲೇ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಆಮೇಲೆ 2025ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರಲ್ಲಿ ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಬದಿಗಿಟ್ಟರು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಅಂದರೆ ಮುಗೀತು, ನಿಷೇಧ.

ಮಂಡ್ಯ ಹೈದ
ರಂಗಣ್ಣ, ಅಷ್ಟೊಂದು ಕೌಶಲ ಇದ್ರೂ ಇನ್ನೂ ಸಿಟಿ ಬಸ್ಸಲ್ಲೇ ಓಡಾಡ್ತೀರಲ್ಲ.

ನಿರ್ವಾಹಕ
ದಯವಿಟ್ಟು ಚೆಸ್‌ಗೆ ವಾಪಸ್ ಬನ್ನಿ. ಕುದುರೆ ಮಾತು ಬೋರ್ಡಿನ ಕುದುರೆಗೆ ಸೀಮಿತವಾಗಿರಲಿ.

ಪಾಂಡವಪುರ ಎಕ್ಸ್‌ಪ್ರೆಸ್
ನಾನು ಹಳ್ಳಿ ಶಾಲೆಯ ಮೇಷ್ಟ್ರು. ನೀವೆಲ್ಲ ಬೋರ್ಡಿನ ಮೇಲೆ ಲಕ್ ಹುಡುಕುತ್ತಿದ್ದೀರಿ. ನನ್ನ ಕಣ್ಣಿಗೆ ಅದು ಬೋರ್ಡಿಗೆ ಬರುವ ಮುಂಚೆಯೇ ಕಾಣುತ್ತದೆ.

ನಮ್ಮ ಶಾಲೆಯಲ್ಲಿ ಒಂದೇ ಚೆಸ್ ಬೋರ್ಡ್ ಇತ್ತು. ರಟ್ಟಿನದ್ದು, ಮಧ್ಯದಲ್ಲಿ ಮಡಚಿ ಮಡಚಿ ಹರಿದು ಬಿಳಿ ಟೇಪ್ ಹಾಕಿದ್ದೆವು. ಕಪ್ಪು ಆನೆ ಒಂದು ಕಳೆದುಹೋಗಿ ಅದರ ಜಾಗದಲ್ಲಿ ಸೋಡಾ ಬಾಟಲಿ ಮುಚ್ಚಳ. ಒಬ್ಬ ಹುಡುಗ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾತ್ರ ಆಡಿ ನನ್ನನ್ನು ಸೋಲಿಸುವ ಮಟ್ಟಕ್ಕೆ ಬಂದ. ತಾಲ್ಲೂಕು ಮಟ್ಟದಲ್ಲಿ ಗೆದ್ದ. ಜಿಲ್ಲಾ ಮಟ್ಟಕ್ಕೆ ಹೋದಾಗ ಮೊದಲ ಸಲ ಚೆಸ್ ಗಡಿಯಾರ ನೋಡಿದ. ಒಂದು ಆಟದಲ್ಲಿ ನಡೆ ಇಟ್ಟ ಮೇಲೆ ಗುಂಡಿ ಒತ್ತುವುದನ್ನೇ ಮರೆತ. ಎದುರಿನವನು ಸುಮ್ನೆ ಕೂತಿದ್ದ, ಇವನ ಸಮಯ ಸೋರಿಹೋಯಿತು. ನಿಯಮದಲ್ಲಿ ತಪ್ಪಿಲ್ಲ, ಗಡಿಯಾರ ಒತ್ತುವುದೂ ಆಟದ ಭಾಗವೇ. ಆದರೆ ಎದುರಿಗಿದ್ದ ಹುಡುಗನ ಮನೆಯಲ್ಲಿ ಗಡಿಯಾರ ಇತ್ತು, ಕೋಚ್ ಇದ್ದರು. ಇದು ಕೌಶಲದ ವ್ಯತ್ಯಾಸ ಅಂತ ಹೇಳಲು ನನಗೆ ಬಾಯಿ ಬರಲ್ಲ.

ಆ ಹುಡುಗ ಹತ್ತನೇ ತರಗತಿ ಆದ ಮೇಲೆ ಆಡುವುದು ಬಿಟ್ಟ. ಈಗ ಆಲೆಮನೆಯಲ್ಲಿ ಲೆಕ್ಕ ಬರೆಯುತ್ತಾನೆ.

ಕೋಚ್ ಸ್ವಾಮಿ
ಮೇಷ್ಟ್ರೇ, ಇದು ನಿಜ. ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ನಮ್ಮ ಮೈಸೂರಿನ ತೇಜ್‌ಕುಮಾರ್. ಪಕ್ಕದ ರಾಜ್ಯಕ್ಕೂ ನಮಗೂ ಇಷ್ಟು ವರ್ಷದ ಅಂತರ. ಇಲ್ಲಿಯ ಮಕ್ಕಳಿಗೆ ತಲೆ ಕಮ್ಮಿ ಅಂತ ಯಾರೂ ಹೇಳಲ್ಲ ಅಲ್ವಾ?

ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಜತೆ ಮೂರು ನಾರ್ಮ್, ಅಂದರೆ ಮೂರು ಟೂರ್ನಿಯಲ್ಲಿ ನಿಗದಿತ ಮಟ್ಟದ ಸಾಧನೆ, ಬೇಕು. ನಾರ್ಮ್ ಸಿಗಬೇಕಾದರೆ ಸಾಮಾನ್ಯವಾಗಿ ಬೇರೆ ದೇಶದ ಆಟಗಾರರು, ಗ್ರ್ಯಾಂಡ್‌ಮಾಸ್ಟರ್‌ಗಳು ಇರುವ ಟೂರ್ನಿಯಲ್ಲಿ ಆಡಬೇಕು. ಅಂಥ ಟೂರ್ನಿ ನಿಮ್ಮ ಮನೆ ಹತ್ತಿರ ನಡೆದರೆ ಆಟೋದಲ್ಲಿ ಹೋಗುತ್ತೀರಿ. ಇಲ್ಲದಿದ್ದರೆ ಪಾಸ್‌ಪೋರ್ಟ್, ವೀಸಾ, ವಿಮಾನ, ಹೋಟೆಲ್. ಎಲ್ಲಾ ಮುಗಿಸಿ ಅರ್ಧ ಅಂಕದಲ್ಲಿ ನಾರ್ಮ್ ತಪ್ಪಿದರೆ ಅಪ್ಪ ಮತ್ತೆ ಸಾಲ ಮಾಡಬೇಕು. ಚೆನ್ನೈನ ಹುಡುಗನಿಗೆ ನಾಲ್ಕು ಸಲ ಪ್ರಯತ್ನಿಸುವ ಅವಕಾಶ ಇದ್ದರೆ ನಮ್ಮವನಿಗೆ ಒಂದೇ ಸಲ. ಮೇಲೆ ಲೆಕ್ಕದ ಮೇಷ್ಟ್ರು ಹೇಳಿದ್ದನ್ನೇ ಇಲ್ಲಿಗೆ ಹಾಕಿ. ಜಾಸ್ತಿ ಆಟ ಆಡಿದವನಿಗೆ ಅದೃಷ್ಟದ ಕಾಟ ಕಮ್ಮಿ. ಜಾಸ್ತಿ ಆಟ ಆಡಲು ದುಡ್ಡು ಬೇಕು.

ಕಪ್ಪು ಕುದುರೆ
ಇದಕ್ಕೆ ನನ್ನ ತಕರಾರಿಲ್ಲ. ಆದರೆ ಇದು ಜೀವನದ ಅದೃಷ್ಟ, ಚೆಸ್‌ನದ್ದಲ್ಲ. ಡಾಕ್ಟರ್ ಆಗಲಿಕ್ಕೂ ಇದೇ ಲಕ್ ಬೇಕು. ಇಬ್ಬರು ಬೋರ್ಡಿನ ಮುಂದೆ ಕೂತ ಮೇಲೆ ಅದೃಷ್ಟ ಎಲ್ಲಿದೆ ತೋರಿಸಿ ಅಂತ ನಾನು ಕೇಳಿದ್ದು.

ಲೆಕ್ಕದ ಮೇಷ್ಟ್ರು
ಬಿಳಿ ಕಾಯಿ. ಮೊದಲು ನಡೆಯುವವರಿಗೆ ಮೇಲುಗೈ. ದೊಡ್ಡ ದೊಡ್ಡ ಆಟದ ಸಂಗ್ರಹಗಳಲ್ಲಿ ಬಿಳಿಯವರಿಗೆ 100ಕ್ಕೆ ಸುಮಾರು 54–55 ಅಂಕ. ಬಿಳಿ ಯಾರಿಗೆ ಅನ್ನೋದು ನಿಮ್ಮ ಕೈಯಲ್ಲಿಲ್ಲ.

ಟೈಂ ಔಟ್
ತಯಾರಿ ಕೂಡ. ರಾತ್ರಿಯೆಲ್ಲ ಕೂತು ಸಿಸಿಲಿಯನ್ ಅನ್ನುವ ಆರಂಭದ ನಡೆಗಳನ್ನು ಓದಿಕೊಂಡು ಹೋದರೆ ಎದುರಿನವನು ಫ್ರೆಂಚ್ ಅನ್ನುವ ಬೇರೆ ಆರಂಭ ಆಡುತ್ತಾನೆ. ಪರೀಕ್ಷೆಯಲ್ಲಿ ಓದಿದ ಪಾಠ ಬರದ ಹಾಗೆ.

ಕಪ್ಪು ಕುದುರೆ
ಎರಡೂ ಓದಿಕೊಂಡು ಹೋಗು.

ಕೋಚ್ ಸ್ವಾಮಿ
ಇನ್ನೊಂದು ಇದೆ, ಇದನ್ನು ಮಕ್ಕಳಲ್ಲಿ ದಿನಾ ನೋಡುತ್ತೇನೆ. ಎಂಟು ನಡೆ ಲೆಕ್ಕ ಹಾಕಿ ಒಂದು ಕುದುರೆ ಬಲಿ ಕೊಡುತ್ತಾರೆ. ಒಂಬತ್ತನೇ ನಡೆಯಲ್ಲಿ ಅವರು ನೋಡಿಯೇ ಇರದ ಒಂದು ಒಳ್ಳೆ ನಡೆ ಅಲ್ಲೇ ಸಿದ್ಧವಾಗಿ ಕೂತಿರುತ್ತದೆ. ಅದಿಲ್ಲದಿದ್ದರೆ ಆ ಬಲಿ ಬರೀ ದಂಡ. ಆಟ ಮುಗಿದ ಮೇಲೆ ‘ಇದನ್ನು ಮೊದಲೇ ನೋಡಿದ್ದೆಯಾ’ ಅಂತ ಕೇಳಿದರೆ ಪ್ರಾಮಾಣಿಕ ಹುಡುಗರು ‘ಇಲ್ಲ ಸರ್, ಸಿಕ್ತು’ ಅಂತಾರೆ. ಯಾರ ತಲೆಯೂ ಕೊನೆವರೆಗೆ ನೋಡಲ್ಲ. ನೋಟ ನಿಂತ ಜಾಗದಿಂದ ಮುಂದೆ ಏನಿರುತ್ತದೋ ಅದು ಸ್ವಲ್ಪ ಮಟ್ಟಿಗೆ ಅದೃಷ್ಟವೇ.

ಬಲಿಷ್ಠರಿಗೆ ಇದು ಜಾಸ್ತಿ ಸಿಗುತ್ತದೆ, ಯಾಕೆಂದರೆ ಅವರ ಕಾಯಿಗಳು ಒಳ್ಳೆ ಮನೆಗಳಲ್ಲಿ ಕೂತಿರುತ್ತವೆ. ಮನೋವಿಜ್ಞಾನಿಗಳಾದ ಚೇಸ್ ಮತ್ತು ಸೈಮನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿದರೆ ಮಾಸ್ಟರ್ ಹೊಸಬನಿಗಿಂತ ತುಂಬಾ ಜಾಸ್ತಿ ಕಾಯಿಗಳನ್ನು ನೆನಪಿನಿಂದ ಸರಿಯಾಗಿ ಜೋಡಿಸುತ್ತಾನೆ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಮಾಸ್ಟರ್‌ನ ಆ ಮೇಲುಗೈ ಮಾಯ. ಮಾಸ್ಟರ್ ಕಣ್ಣಿಗೆ ಒಂದೊಂದು ಕಾಯಿ ಅಲ್ಲ, ಗುಂಪುಗುಂಪಾಗಿ ಕಾಣುತ್ತವೆ. ಹೊರಗಿನವರಿಗೆ ‘ಅವನಿಗೆ ಹೇಗೋ ಹೊಳೀತು’ ಅನ್ನಿಸುವುದು ಇದೇ.

ಕಪ್ಪು ಕುದುರೆ
‘ಸಿಕ್ತು ಸರ್’ ಅನ್ನೋದು ಚೆನ್ನಾಗಿದೆ. ಆದರೂ ಅದಕ್ಕೆ ಅದೃಷ್ಟ ಅನ್ನಲ್ಲ, ಅಜ್ಞಾನ ಅಂತೀನಿ. ನಡೆ ಬೋರ್ಡಿನ ಮೇಲೆ ಇತ್ತು, ನಮಗೆ ಗೊತ್ತಿರಲಿಲ್ಲ.

ಡಬಲ್ ಚೆಕ್
ದಾಳದಲ್ಲೂ ಅಷ್ಟೇ. ಕೈ ಹೇಗೆ ಬೀಸಿದೆ ಅಂತ ಪೂರ್ತಿ ಗೊತ್ತಿದ್ದರೆ ಗರ ಎಷ್ಟು ಅಂತ ಹೇಳಬಹುದು. ಗೊತ್ತಿಲ್ಲ ಅಂತಲೇ ಅದಕ್ಕೆ ಅದೃಷ್ಟ ಅನ್ನೋದು.

ಅಗ್ರಹಾರದ ಸೊಸೆ
ನಮ್ಮತ್ತೆಗೆ ಗೊತ್ತು.

ಹುಣಸೂರು ರೋಡ್
ಚರ್ಚೆ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನನ್ನೂ ಮುಂದಿನ ತಿಂಗಳು ಮೊದಲ ಟೂರ್ನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಈ ಬುಕೋಲ್ಟ್ಸ್ ಕಿರಿಕಿರಿ ಮೊದಲೇ ತಿಳಿದುಕೊಳ್ಳುವುದು ಹೇಗೆ?

ಸೀಟಿ ಊದೋನು
ಟೂರ್ನಿಯ ಪ್ರಕಟಣೆಯಲ್ಲಿ ಸುತ್ತು ಎಷ್ಟು, ಸಮಯ ಎಷ್ಟು, ಅಂಕ ಸಮ ಆದರೆ ಟೈಬ್ರೇಕ್ ಯಾವ ಕ್ರಮದಲ್ಲಿ ಅಂತ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಫೀಸು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ. ಮೊದಲ ಸುತ್ತು ಶುರುವಾದ ಮೇಲೆ ಬಂದು ಜಗಳ ಆಡಿದರೆ ಪ್ರಯೋಜನ ಇಲ್ಲ. ಮೊದಲು ಪರಸ್ಪರ ಆಡಿದ ಫಲಿತಾಂಶ, ಆಮೇಲೆ ಬುಕೋಲ್ಟ್ಸ್, ಹೀಗೆ ಒಂದೊಂದು ಕಡೆ ಒಂದೊಂದು ಕ್ರಮ ಇರುತ್ತದೆ. ಸುತ್ತು ಜಾಸ್ತಿ ಇರುವ ಟೂರ್ನಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಇನ್ನೊಂದು, ಮಗನಿಗೆ ಮನೆಯಲ್ಲೇ ಗಡಿಯಾರ ಒತ್ತಿ ಆಡುವ ಅಭ್ಯಾಸ ಮಾಡಿಸಿ. ಕಾಯಿ ನಡೆಸಿದ ಕೈಯಿಂದಲೇ ಒತ್ತಬೇಕು.